ರೀಸ್ ಈವಾನ್ಸ್ ವೃತ್ತಿಬದುಕು: ಓಟೋ ಹೈಟವರ್‌ನಿಂದ ಹಿಂದಕ್ಕೆ ಹೋಗುವುದಾದರೆ ಎಲ್ಲಿಂದ ಶುರು?

ತುಂಗೆತೀರ

‘ಹೌಸ್ ಆಫ್ ದ ಡ್ರ್ಯಾಗನ್’ ಟಿವಿ ಸರಣಿಯ ಓಟೋ ಹೈಟವರ್, ‘ನಾಟಿಂಗ್ ಹಿಲ್’ ಸಿನಿಮಾದ ಸ್ಪೈಕ್, ‘ದ ಅಮೇಜಿಂಗ್ ಸ್ಪೈಡರ್‌ಮ್ಯಾನ್’ನ ಡಾಕ್ಟರ್ ಕಾನರ್ಸ್. ಮೂರನ್ನೂ ಮಾಡಿದ್ದು ಒಬ್ಬನೇ ನಟ ಎಂದರೆ ನಂಬುವುದು ಕಷ್ಟ. ಮುಖ ಬೇರೆ, ದನಿ ಬೇರೆ, ನಿಲ್ಲುವ ರೀತಿಯೇ ಬೇರೆ.

ತಿಳಿದವರಿಗೆ ಮೂರು ಪ್ರಶ್ನೆ. ಹೆಸರನ್ನು ಕನ್ನಡದಲ್ಲಿ ಹೇಗೆ ಬರೆಯಬೇಕು, ಇಫಾನ್ಸೋ ಈವಾನ್ಸೋ? ‘ಮಾಜಿ ಸಂಗೀತಗಾರ’ ಎಂಬ ವಿಶೇಷಣ ಎಲ್ಲ ಕಡೆ ಕಾಣುತ್ತದೆ. ಸೂಪರ್ ಫರ್ರಿ ಆನಿಮಲ್ಸ್ ಎಂಬ ರಾಕ್ ತಂಡ ಹೆಸರು ಮಾಡಿದ ಮೇಲೆ ಅದನ್ನು ಬಿಟ್ಟು ಸಿನಿಮಾಕ್ಕೆ ಬಂದರೇ? ಕೊನೆಯದು, ಇವರ ಕೆಲಸವನ್ನು ಯಾವ ಕ್ರಮದಲ್ಲಿ ನೋಡಿದರೆ ನಟ ಬೆಳೆದ ದಾರಿ ಅರ್ಥವಾಗುತ್ತದೆ?

ಅಕ್ಷರಮಾಲೆ

ಹೆಸರಿನಿಂದಲೇ ಶುರು ಮಾಡೋಣ. ಇವರ ವೃತ್ತಿಯ ಅರ್ಧ ಗುಟ್ಟು ಅಲ್ಲೇ ಇದೆ.

ಇವರು ಬ್ರಿಟನ್‌ನ ವೇಲ್ಸ್‌ನವರು, ಅಲ್ಲಿನ ಭಾಷೆ ವೆಲ್ಷ್, ಹೆಸರಿನ ಬರಹ Ifans. ವೆಲ್ಷ್ ಬರಹದಲ್ಲಿ ಒಂಟಿ ‘ಎಫ್’ ಬಂದರೆ ಅದು ‘ವ’. ‘ಫ’ ಬೇಕಿದ್ದರೆ ಎರಡು ‘ಎಫ್’ ಬರೆಯಬೇಕು. ಆದ್ದರಿಂದ ಇಫಾನ್ಸ್ ತಪ್ಪು, ಈವಾನ್ಸ್ ಸರಿ. ರೀಸ್ ಎಂಬಲ್ಲಿನ ಮೊದಲ ‘ರ’ಕಾರವನ್ನು ವೆಲ್ಷ್ ಜನ ಉಸಿರು ಬಿಟ್ಟು, ‘ಹ್ರ’ ಎನ್ನುವಂತೆ ನುಡಿಯುತ್ತಾರೆ. ಕನ್ನಡದಲ್ಲಿ ‘ರೀಸ್’ ಎಂದು ಬರೆದರೆ ಸಾಕು.

ಹುಟ್ಟಿದಾಗಿನ ಹೆಸರು ರೀಸ್ ಓವೈನ್ ಎವನ್ಸ್. 1967ರ ಜುಲೈ 22ರಂದು ಪೆಂಬ್ರೋಕ್‌ಶೈರ್‌ನ ಹ್ಯಾವರ್‌ಫರ್ಡ್‌ವೆಸ್ಟ್‌ನಲ್ಲಿ ಜನನ, ಬೆಳೆದದ್ದು ಉತ್ತರ ವೇಲ್ಸ್‌ನ ರಿಥಿನ್ ಊರಿನಲ್ಲಿ. ಎವನ್ಸ್ ಎನ್ನುವುದು ಇಂಗ್ಲಿಷರ ನಾಲಿಗೆಗೆ ಹೊಂದಿಸಿದ ರೂಪ, ಈವಾನ್ಸ್ ಅದೇ ಹೆಸರಿನ ವೆಲ್ಷ್ ಬರಹ. ಅಂದರೆ ಅವರು ಹೆಸರು ಬದಲಿಸಿಕೊಳ್ಳಲಿಲ್ಲ, ಹೆಸರನ್ನು ಅದರ ಭಾಷೆಗೆ ಹಿಂತಿರುಗಿಸಿದರು. ಮನೆಮಾತು ವೆಲ್ಷ್ ಆಗಿರುವವರಿಗೆ ಇದು ಸಣ್ಣ ವಿಷಯವಲ್ಲ. ತಮ್ಮ ಲೀರ್ ಕೂಡ ನಟ, ಅವರೂ ಈವಾನ್ಸ್ ಎಂದೇ ಬರೆದುಕೊಳ್ಳುತ್ತಾರೆ. (ಲೀರ್‌ನ ‘ಲ’ಕಾರ ನಮ್ಮಲ್ಲಿಲ್ಲ. ನಾಲಿಗೆಯನ್ನು ‘ಲ’ ಹೇಳುವ ಜಾಗದಲ್ಲಿಟ್ಟು ಪಕ್ಕದಿಂದ ಗಾಳಿ ಊದಬೇಕು.)

ಇನ್ನೊಂದು ಗೊಂದಲ ಈಗಲೇ ಬಗೆಹರಿಯಲಿ. ಗ್ರಿಫ್ ರೀಸ್ ಬೇರೆ, ಅವರು ಸೂಪರ್ ಫರ್ರಿ ಆನಿಮಲ್ಸ್‌ನ ಗಾಯಕ. ಮ್ಯಾಥ್ಯೂ ರೀಸ್ ಬೇರೆ, ಅವರೂ ವೆಲ್ಷ್ ನಟ, ಅವರ ಮನೆತನದ ಹೆಸರೂ ಎವನ್ಸ್. ವೇಲ್ಸ್‌ನಲ್ಲಿ ಮನೆತನದ ಹೆಸರುಗಳು ಬಹಳ ಕಡಿಮೆ, ಅದಕ್ಕೇ ಈ ಕಲಸುಮೇಲೋಗರ.

ರಂಗಸ್ಥಳ

ಅಕ್ಷರಮಾಲೆ ಅವರು ಹೇಳಿದ ‘ಮನೆಮಾತು’ ಎಂಬ ಮಾತನ್ನೇ ಹಿಡಿದು ಮುಂದುವರಿಸುತ್ತೇನೆ. ಇವರ ಬಗ್ಗೆ ಬರೆಯುವವರು 1999ರ ‘ನಾಟಿಂಗ್ ಹಿಲ್’ನಿಂದ ಕಥೆ ಶುರು ಮಾಡುತ್ತಾರೆ. ಅಲ್ಲಿಂದ ಶುರು ಮಾಡಿದರೆ ಇವರು ಅದೃಷ್ಟ ಖುಲಾಯಿಸಿದ ಹಾಸ್ಯನಟನಂತೆ ಕಾಣುತ್ತಾರೆ. ಅದು ತಪ್ಪು ಚಿತ್ರ.

ರಿಥಿನ್‌ನಿಂದ ಸುಮಾರು 16 ಕಿ.ಮೀ. ದೂರದಲ್ಲಿ ಮೋಲ್ಡ್ ಎಂಬ ಸಣ್ಣ ಊರಿದೆ. ಅಲ್ಲಿನ ಮೈಸ್ ಗಾರ್ಮನ್ ಪ್ರೌಢಶಾಲೆ ವೆಲ್ಷ್ ಮಾಧ್ಯಮದ್ದು, 1961ರಲ್ಲಿ ಆರಂಭವಾದದ್ದು. ಈವಾನ್ಸ್ ಓದಿದ್ದು ಅಲ್ಲಿ. ಅದೇ ಊರಿನಲ್ಲಿ 1976ರಲ್ಲಿ ಥಿಯೇಟರ್ ಕ್ಲುಯಿಡ್ ತೆರೆಯಿತು, ಅವರು ಹದಿಹರೆಯದಲ್ಲಿ ರಂಗಪಾಠ ಕಲಿತದ್ದು ಅಲ್ಲಿ. ತಾಯ್ನುಡಿಯಲ್ಲಿ ಕಲಿಸುವ ಶಾಲೆ ಮತ್ತು ವೃತ್ತಿಪರ ರಂಗಮಂದಿರ ಎರಡೂ ಒಂದೇ ಊರಿನಲ್ಲಿ ಸಿಗುವುದು ವೇಲ್ಸ್‌ನಲ್ಲೂ ಅಪರೂಪ.

ಮೂರನೆಯ ಮೆಟ್ಟಿಲು ಎಸ್4ಸಿ. ವೆಲ್ಷ್ ಭಾಷೆಗೆ ಪ್ರತ್ಯೇಕ ಟಿವಿ ವಾಹಿನಿ ಕೊಡುವ ಮಾತಿನಿಂದ ಬ್ರಿಟನ್ ಸರ್ಕಾರ ಹಿಂದೆ ಸರಿದಾಗ, 1980ರಲ್ಲಿ ಗ್ವಿನ್ವರ್ ಎವನ್ಸ್ ಎಂಬ ರಾಜಕಾರಣಿ ಆಮರಣಾಂತ ಉಪವಾಸ ಕೂರುವುದಾಗಿ ಘೋಷಿಸಿದರು. ಸರ್ಕಾರ ಮಣಿಯಿತು. 1982ರ ನವೆಂಬರ್ 1ರಂದು ವಾಹಿನಿ ಶುರುವಾಯಿತು. ನಮ್ಮಲ್ಲಿ ಗೋಕಾಕ್ ಚಳವಳಿ ನಡೆದ ವರ್ಷವೂ ಅದೇ. ಈವಾನ್ಸ್‌ಗೆ ಆಗ 15. ವೆಲ್ಷ್ ಬಲ್ಲ ನಟರಿಗೆ ಕ್ಯಾಮೆರಾ ಮುಂದೆ ಸಂಬಳದ ಕೆಲಸ ಸಿಗುವಂತೆ ಮಾಡಿದ್ದು ಈ ವಾಹಿನಿ. ಆರಂಭದ ದಿನಗಳಲ್ಲಿ ಈವಾನ್ಸ್ ವೆಲ್ಷ್ ಟಿವಿಯ ಹಾಸ್ಯ ಕಾರ್ಯಕ್ರಮಗಳಲ್ಲಿ ಕಾಣಿಸಿಕೊಂಡರು. ಮಧ್ಯೆ ಲಂಡನ್‌ನ ಗಿಲ್ಡ್‌ಹಾಲ್ ಶಾಲೆಯಲ್ಲಿ ನಾಟಕದ ತರಬೇತಿಯೂ ಆಯಿತು.

ಶಾಲೆ, ರಂಗಮಂದಿರ, ವಾಹಿನಿ. ಈ ಮೂರರಲ್ಲಿ ಒಂದು ತಪ್ಪಿದ್ದರೂ ಸ್ಪೈಕ್ ಪಾತ್ರ ಬೇರೆ ಯಾರದೋ ಆಗುತ್ತಿತ್ತು ಎಂದೇ ನನ್ನ ನಂಬಿಕೆ.

1996ರ ‘ಆಗಸ್ಟ್’ ಸಿನಿಮಾವನ್ನೂ ಇಲ್ಲೇ ಸೇರಿಸಬೇಕು. ಚೆಕಾಫ್‌ನ ‘ಅಂಕಲ್ ವಾನ್ಯಾ’ ನಾಟಕವನ್ನು ವೇಲ್ಸ್‌ಗೆ ತಂದು ಆಂಥನಿ ಹಾಪ್ಕಿನ್ಸ್ ನಿರ್ದೇಶಿಸಿದ್ದು. ಅದು ಮೊದಲು ನಾಟಕವಾಗಿ ನಿಂತದ್ದು ಇದೇ ಥಿಯೇಟರ್ ಕ್ಲುಯಿಡ್‌ನಲ್ಲಿ. ಸಿನಿಮಾದಲ್ಲಿ ಈವಾನ್ಸ್‌ಗೆ ಒಂದು ಪಾತ್ರವಿದೆ.

ತಂತಿಮೀಟು

ಸಂಗೀತದ ಪ್ರಶ್ನೆಗೆ ಉತ್ತರ ಕೊಡುತ್ತೇನೆ. ತಂಡ ಪ್ರಸಿದ್ಧವಾದ ಮೇಲೆ ಬಿಟ್ಟರು ಎನ್ನುವುದು ತಪ್ಪು.

ಸೂಪರ್ ಫರ್ರಿ ಆನಿಮಲ್ಸ್ ಕಟ್ಟಿದ್ದು 1993ರಲ್ಲಿ, ಕಾರ್ಡಿಫ್‌ನಲ್ಲಿ. ತೀರಾ ಆರಂಭದಲ್ಲಿ ಮುಂದೆ ನಿಂತು ಹಾಡುತ್ತಿದ್ದವರು ಈವಾನ್ಸ್. ತಂಡದ ಮೊದಲ ಇಪಿ (ಕಿರು ಆಲ್ಬಂ) 1995ರಲ್ಲಿ ಆಂಕ್ಸ್ಟ್ ಎಂಬ ವೆಲ್ಷ್ ಕಂಪನಿಯಿಂದ ಬಂತು, ಆಮೇಲೆ ಕ್ರಿಯೇಷನ್ ರೆಕಾರ್ಡ್ಸ್ ಜೊತೆ ಒಪ್ಪಂದ, 1996ರಲ್ಲಿ ಮೊದಲ ಆಲ್ಬಂ ‘ಫಝಿ ಲಾಜಿಕ್’. ಆ ಹೊತ್ತಿಗೆ ಗಾಯಕರಾಗಿದ್ದವರು ಗ್ರಿಫ್ ರೀಸ್. ಹಾಗಾಗಿ ಆಲ್ಬಂಗಳಲ್ಲಿ ಈವಾನ್ಸ್ ದನಿ ಹುಡುಕುವುದು ವ್ಯರ್ಥ.

ಆದರೆ ‘ಫಝಿ ಲಾಜಿಕ್’ ಮುಖಪುಟ ಒಮ್ಮೆ ನೋಡಿ. ಅದರಲ್ಲಿರುವುದು ಹೌವರ್ಡ್ ಮಾರ್ಕ್ಸ್‌ನ ಬೇರೆಬೇರೆ ವೇಷದ ಪಾಸ್‌ಪೋರ್ಟ್ ಫೋಟೋಗಳು. ಮಾರ್ಕ್ಸ್ ದಕ್ಷಿಣ ವೇಲ್ಸ್‌ನ ಕೆನ್‌ಫಿಗ್ ಹಿಲ್‌ನವನು, ವೆಲ್ಷ್ ಮನೆಮಾತಿನವನು, ಆಕ್ಸ್‌ಫರ್ಡ್‌ನ ಬೇಲಿಯಲ್ ಕಾಲೇಜಿನಲ್ಲಿ ಓದಿ ಗಾಂಜಾ ಕಳ್ಳಸಾಗಣೆಗೆ ಇಳಿದು ಅಮೆರಿಕದಲ್ಲಿ ಜೈಲು ಕಂಡವನು. ಅದೇ ಆಲ್ಬಂನಲ್ಲಿ ಅವನ ಹೆಸರಿನ ಹಾಡೂ ಇದೆ. 14 ವರ್ಷದ ಬಳಿಕ, 2010ರಲ್ಲಿ, ‘ಮಿಸ್ಟರ್ ನೈಸ್’ ಸಿನಿಮಾದಲ್ಲಿ ಮಾರ್ಕ್ಸ್ ಆಗಿ ನಟಿಸಿದವರು ಇದೇ ಈವಾನ್ಸ್. ತಂಡ ಬಿಟ್ಟರೂ ಆ ಬಳಗ ಬಿಟ್ಟಿರಲಿಲ್ಲ.

ಸೂಪರ್ ಫರ್ರಿಯ ಡ್ರಮ್ಮರ್ ದಾವಿದ್ ಇಯಾನ್ ಕಟ್ಟಿದ ‘ದ ಪೇತ್’ ತಂಡದಲ್ಲಿ ಈವಾನ್ಸ್ ಮತ್ತೆ ಮುಖ್ಯ ಗಾಯಕರಾದರು. ಪೇತ್ ಎಂದರೆ ವೆಲ್ಷ್‌ನಲ್ಲಿ ‘ವಸ್ತು’. 2008ರ ‘ದ ಗೋಲ್ಡನ್ ಮೈಲ್’ ಆಲ್ಬಂ ಕೇಳಿದರೆ ಇವರ ಗಾಯನದ ಬಗೆ ತಿಳಿಯುತ್ತದೆ. ಶ್ರುತಿಶುದ್ಧತೆಗಿಂತ ಉಚ್ಚಾರ ಮತ್ತು ಉಸಿರಿನ ಮೇಲೆ ನಿಂತ ಹಾಡುಗಾರಿಕೆ ಅದು. ನಟನ ಹಾಡುಗಾರಿಕೆ.

ರಾಕ್ ತಂಡ ಒಯಾಸಿಸ್‌ನ ‘ದ ಇಂಪಾರ್ಟೆನ್ಸ್ ಆಫ್ ಬೀಯಿಂಗ್ ಐಡಲ್’ (2005) ಹಾಡಿನ ಕಪ್ಪುಬಿಳುಪು ವಿಡಿಯೊದಲ್ಲಿ ನಟಿಸಿದ್ದೂ ಇವರೇ. ಶವಯಾತ್ರೆಯ ಸಂದರ್ಭದಲ್ಲಿ ಇವರ ಕಾಲು ಕುಣಿಯುವುದನ್ನು ಗಮನಿಸಿ. ಹಾಡು ಬ್ರಿಟನ್ ಪಟ್ಟಿಯಲ್ಲಿ ಮೊದಲ ಸ್ಥಾನಕ್ಕೇರಿತ್ತು.

ತುಂಗೆತೀರ

ಮುಖಪುಟದ ವಿಷಯ ಗೊತ್ತೇ ಇರಲಿಲ್ಲ, ಧನ್ಯವಾದ ತಂತಿಮೀಟು ಅವರೇ. ಎರಡು ಭಾಷೆಯಲ್ಲಿ ನಟಿಸುವುದರ ಬಗ್ಗೆ ಇನ್ನಷ್ಟು ಬೇಕು. ಇವರು ಒಂದೇ ಸಿನಿಮಾವನ್ನು ಎರಡು ಸಲ ಮಾಡಿದ್ದಾರಂತೆ?

ಸಂಕಲನಮೇಜು

ಹೌದು, 2015ರ ‘ಅಂಡರ್ ಮಿಲ್ಕ್ ವುಡ್’. ವೇಲ್ಸ್‌ನ ಕವಿ ಡಿಲನ್ ಥಾಮಸ್ ಬರೆದ ಬಾನುಲಿ ನಾಟಕ ಅದು. ಬಿಬಿಸಿ ಅದನ್ನು 1954ರ ಜನವರಿ 25ರಂದು ಪ್ರಸಾರ ಮಾಡಿದಾಗ ‘ಮೊದಲ ದನಿ’ ಎಂಬ ನಿರೂಪಕನ ಪಾತ್ರ ರಿಚರ್ಡ್ ಬರ್ಟನ್‌ರದ್ದು. ಹೊಸ ಸಿನಿಮಾದ ನಿರ್ದೇಶಕ ಕೆವಿನ್ ಆಲೆನ್. ಈವಾನ್ಸ್ ಅದರಲ್ಲಿ ಮೊದಲ ದನಿಯೂ ಹೌದು, ಕುರುಡ ಕ್ಯಾಪ್ಟನ್ ಕ್ಯಾಟ್ ಕೂಡ ಹೌದು. ಚಿತ್ರೀಕರಣ ಪೆಂಬ್ರೋಕ್‌ಶೈರ್‌ನ ಸೊಲ್ವ ಎಂಬ ಬಂದರೂರಿನಲ್ಲಿ, ಅಂದರೆ ಅವರು ಹುಟ್ಟಿದ ಜಿಲ್ಲೆಯಲ್ಲೇ. ಇಂಗ್ಲಿಷ್ ಮತ್ತು ವೆಲ್ಷ್ ಎರಡರಲ್ಲೂ ಚಿತ್ರೀಕರಿಸಿದರು. ವೆಲ್ಷ್ ರೂಪದ ಹೆಸರು ‘ದಾನ್ ಅ ವೆನಾಲ್ಟ್’, ಟಿ. ಜೇಮ್ಸ್ ಜೋನ್ಸ್ ಮಾಡಿದ ಅನುವಾದದ್ದೇ ಹೆಸರು. ವೆಲ್ಷ್ ರೂಪ ಇದ್ದದ್ದರಿಂದಲೇ ಅದು ವಿದೇಶಿ ಭಾಷಾ ಚಿತ್ರದ ಆಸ್ಕರ್‌ಗೆ ಬ್ರಿಟನ್‌ನ ಅಧಿಕೃತ ಆಯ್ಕೆಯಾಯಿತು. ಅಂತಿಮ ಐದರಲ್ಲಿ ಬರಲಿಲ್ಲ.

ಇದು ಡಬ್ಬಿಂಗ್ ಅಲ್ಲ. ವೇಲ್ಸ್‌ನಲ್ಲಿ ಇದಕ್ಕೊಂದು ಪರಂಪರೆಯೇ ಇದೆ. 1999ರ ‘ಸಾಲೊಮನ್ ಅಂಡ್ ಗೈನಾರ್’ ಸಿನಿಮಾ, 2013ರಲ್ಲಿ ಶುರುವಾದ ‘ಅ ಗ್ವಿಲ್’ ಪತ್ತೇದಾರಿ ಸರಣಿ (ಇಂಗ್ಲಿಷ್‌ನಲ್ಲಿ ‘ಹಿಂಟರ್‌ಲ್ಯಾಂಡ್’), ಇವೆಲ್ಲ ಹಾಗೆಯೇ ಎರಡೆರಡು ಸಲ ತೆಗೆದವು. ಶಂಕರ್‌ನಾಗ್ ಆಗುಂಬೆಯಲ್ಲಿ ‘ಮಾಲ್ಗುಡಿ ಡೇಸ್’ ತೆಗೆದಾಗ ಇಂಗ್ಲಿಷ್, ಹಿಂದಿ ಎರಡಕ್ಕೂ ಚಿತ್ರಿಸಿದ್ದು ನೆನಪಿರುವವರಿಗೆ ಇದು ಹೊಸತಲ್ಲ.

ಈ ಬಗೆಯ ಚಿತ್ರೀಕರಣದ ಕ್ರಮ ಸಾಮಾನ್ಯವಾಗಿ ಹೀಗಿರುತ್ತದೆ. ಒಂದು ಶಾಟ್‌ಗೆ ಲೈಟು, ಕ್ಯಾಮೆರಾ ಹೊಂದಿಸಿದ ಮೇಲೆ ಒಂದು ಭಾಷೆಯಲ್ಲಿ ಓಕೆ ಆಗುವವರೆಗೆ ಟೇಕ್. ಲೈಟು ಕದಲಿಸದೆ, ಅದೇ ಜಾಗದಲ್ಲಿ, ಇನ್ನೊಂದು ಭಾಷೆಯ ಟೇಕ್. ಕ್ಲ್ಯಾಪ್ ಬೋರ್ಡಿನಲ್ಲಿ ಭಾಷೆಯ ಗುರುತು ಇರಲೇಬೇಕು, ಇಲ್ಲದಿದ್ದರೆ ಸಂಕಲನದ ಮೇಜಿಗೆ ಬಂದಾಗ ಮಾತಿಲ್ಲದ ಶಾಟ್‌ಗಳು ಯಾವ ಭಾಷೆಯ ರೂಪಕ್ಕೆ ಸೇರಿದವು ಎಂದು ತಿಳಿಯುವುದಿಲ್ಲ. ಮಾತಿಲ್ಲದ ಪ್ರತಿಕ್ರಿಯೆಯ ಶಾಟ್, ಹೊರಾಂಗಣದ ನೋಟ, ನಡೆದುಬರುವುದು, ಇವನ್ನು ಎರಡಕ್ಕೂ ಹಂಚಿಕೊಳ್ಳಬಹುದು. ಉಳಿತಾಯ ಆಗುವುದು ಅಲ್ಲಿಯೇ. ಅಂಗಡಿ ಫಲಕ, ಪತ್ರ, ದಿನಪತ್ರಿಕೆ ಮಾತ್ರ ಎರಡೆರಡು ತಯಾರಿಸಿಕೊಳ್ಳಬೇಕು.

ತೊಂದರೆ ಎಲ್ಲಿ? ಮೊದಲನೆಯದು ಉದ್ದ. ಒಂದೇ ಮಾತು ಎರಡು ಭಾಷೆಯಲ್ಲಿ ಒಂದೇ ಉದ್ದ ಇರುವುದಿಲ್ಲ. ಕ್ಯಾಮೆರಾ ಟ್ರಾಲಿ ಮೇಲೆ ಸಾಗುತ್ತಿದ್ದರೆ, ಇಂಗ್ಲಿಷ್ ಮಾತಿಗೆ ಸರಿಹೊಂದಿದ ವೇಗ ವೆಲ್ಷ್ ಮಾತಿಗೆ ಸಾಲದು ಅಥವಾ ಮಿಕ್ಕುತ್ತದೆ. ನಟ ಗುರುತಿಗೆ ಬರುವ ಮೊದಲೇ ಮಾತು ಮುಗಿದಿರುತ್ತದೆ. ಎರಡನೆಯದು ದಣಿವು. ಅಳುವ ದೃಶ್ಯ ಒಂದು ಭಾಷೆಯಲ್ಲಿ ಓಕೆ ಆದ ಮೇಲೆ ಮತ್ತೆ ಅದೇ ಕಣ್ಣೀರು ತರಬೇಕು, ಎರಡನೆಯ ಭಾಷೆಯದು ಯಾವಾಗಲೂ ಸಪ್ಪೆಯಾಗುವ ಅಪಾಯ. ಮೂರನೆಯದು, ಒಂದು ಭಾಷೆ ಮಾತ್ರ ಚೆನ್ನಾಗಿ ಬಲ್ಲ ನಟ ಇನ್ನೊಂದರಲ್ಲಿ ಪದಗಳನ್ನು ಬಾಯಿಪಾಠ ಒಪ್ಪಿಸುತ್ತಾನೆ, ಎದುರು ನಿಂತವನ ಮಾತು ಕೇಳಿಸಿಕೊಳ್ಳುವುದಿಲ್ಲ.

ಈವಾನ್ಸ್‌ರಂಥವರ ಬೆಲೆ ಗೊತ್ತಾಗುವುದು ಇಲ್ಲಿ. ಅವರಿಗೆ ಎರಡೂ ಮೊದಲ ಭಾಷೆಯಷ್ಟೇ ಸಲೀಸು. ಮೊದಲ ದನಿಯ ಭಾಗವನ್ನು ಎರಡೂ ರೂಪದಲ್ಲಿ ಒಂದರ ಹಿಂದೊಂದು ಕೇಳಿ. ಇಂಗ್ಲಿಷ್‌ನಲ್ಲಿ ಪದಗಳನ್ನು ಸವಿಯುತ್ತ ನಿಧಾನಿಸುತ್ತಾರೆ, ವೆಲ್ಷ್‌ನಲ್ಲಿ ಊರ ಕಟ್ಟೆಯ ಮೇಲೆ ಕೂತು ನೆರೆಯವರಿಗೆ ಹೇಳುವಂತೆ ಹೇಳುತ್ತಾರೆ.

ಅಕ್ಷರಮಾಲೆ

ಸಂಕಲನಮೇಜು ಅವರ ಮಾತಿಗೆ ವ್ಯಾಕರಣದ ಕಡೆಯಿಂದ ಎರಡು ಸೇರಿಸಬೇಕು. ಕನ್ನಡಿಗರಿಗೆ ಇದು ಇಂಗ್ಲಿಷರಿಗಿಂತ ಬೇಗ ಅರ್ಥವಾಗುತ್ತದೆ.

ವೆಲ್ಷ್‌ನಲ್ಲಿ ಕ್ರಿಯಾಪದ ವಾಕ್ಯದ ಮೊದಲಿಗೇ ಬರುತ್ತದೆ. ‘ಗ್ವೆಲೋದ್ ಅ ದೀನ್ ಅ ಮೋರ್’ ಎಂದರೆ ‘ಕಂಡನು, ಆ ಮನುಷ್ಯ, ಕಡಲನ್ನು’. ಕನ್ನಡದ ಕ್ರಮ ನೇರ ತಿರುಗುಮುರುಗು, ನಾವು ‘ಕಂಡನು’ ಎಂಬುದನ್ನು ಕೊನೆಗೆ ಇಟ್ಟುಕೊಂಡಿರುತ್ತೇವೆ. ಇಂಗ್ಲಿಷ್ ಎರಡರ ನಡುವೆ. ನಟನೆಗೆ ಇದರಿಂದ ಏನಾಗುತ್ತದೆ ಎಂದರೆ, ಕೇಳುವವನಿಗೆ ಏನಾಯಿತೆಂಬುದು ವೆಲ್ಷ್‌ನಲ್ಲಿ ಮೊದಲೇ ತಿಳಿದುಬಿಡುತ್ತದೆ, ಹಾಗಾಗಿ ಎದುರಿನ ನಟನ ಮುಖ ಬದಲಾಗಬೇಕಾದ ಕ್ಷಣವೂ ಮೊದಲೇ ಬರುತ್ತದೆ. ಪ್ರತಿಕ್ರಿಯೆಯ ಶಾಟ್ ಹಂಚಿಕೊಳ್ಳಬಹುದು ಎಂದರಲ್ಲ, ಮಾತು ಸಾಗುತ್ತಿರುವಾಗಿನ ಪ್ರತಿಕ್ರಿಯೆಯನ್ನು ಹಂಚಿಕೊಳ್ಳಲಾಗದು. ಕ್ಷಣ ತಪ್ಪುತ್ತದೆ.

ಎರಡನೆಯದು ನಮ್ಮ ಆದೇಶ ಸಂಧಿ. ಮಳೆ ಸೇರಿ ‘ಕಾಲ’ ‘ಗಾಲ’ವಾಗುತ್ತದೆ, ಬೆಟ್ಟ ಸೇರಿ ‘ತಾವರೆ’ ‘ದಾವರೆ’ಯಾಗುತ್ತದೆ, ಕಣ್ ಸೇರಿ ‘ಪನಿ’ ‘ಬನಿ’ಯಾಗುತ್ತದೆ. ಕ, ತ, ಪಗಳಿಗೆ ಗ, ದ, ಬ. ವೆಲ್ಷ್‌ನಲ್ಲೂ ಅದೇ ಮೂರು ಜೋಡಿ! ‘ಪೆನ್’ ತಲೆ, ‘ಇ ಬೆನ್’ ಅವನ ತಲೆ. ‘ತಾದ್’ ಅಪ್ಪ, ‘ಇ ದಾದ್’ ಅವನ ಅಪ್ಪ. ಆದರೆ ಅವಳ ತಲೆ ಎನ್ನಲು ‘ಇ ಫೆನ್’. ‘ಅವನ’ ಮತ್ತು ‘ಅವಳ’ ಎರಡಕ್ಕೂ ಪದ ‘ಇ’ ಒಂದೇ, ವ್ಯತ್ಯಾಸ ಇರುವುದು ಮುಂದಿನ ಪದದ ಮೊದಲ ಅಕ್ಷರದಲ್ಲಿ. ಬಾಯಿಪಾಠ ಮಾಡಿದ ನಟ ಎಡವುವುದು ಇಲ್ಲಿಯೇ. ಒಂದು ಅಕ್ಷರ ತಪ್ಪಿದರೆ ಗಂಡ ಹೋಗಿ ಹೆಂಡತಿ ಆಗುತ್ತಾಳೆ, ವೆಲ್ಷ್ ಪ್ರೇಕ್ಷಕರ ಕಿವಿಗೆ ಅದು ತಕ್ಷಣ ಚುಚ್ಚುತ್ತದೆ. ವೆಲ್ಷ್ ಮಾಧ್ಯಮದಲ್ಲಿ ಓದಿದ ನಟನಿಗೆ ಈ ಭಯವಿಲ್ಲ.

ಮಧ್ಯಂತರ

ಇಷ್ಟೆಲ್ಲ ಒಪ್ಪಿದರೂ ಒಂದು ಆಕ್ಷೇಪ. ಹಾಲಿವುಡ್ ಇವರನ್ನು ಹತ್ತು ವರ್ಷ ಸ್ಪೈಕ್ ಆಗಿಯೇ ನೋಡಿತು. 1999ರ ಆ ಪಾತ್ರಕ್ಕೆ ಬಾಫ್ಟಾ (ಬ್ರಿಟನ್‌ನ ಸಿನಿಮಾ, ಟಿವಿ ಪ್ರಶಸ್ತಿ) ಪೋಷಕನಟ ನಾಮನಿರ್ದೇಶನ ಸಿಕ್ಕಿತು. ಮರುವರ್ಷವೇ ‘ಲಿಟ್ಲ್ ನಿಕಿ’ಯಲ್ಲಿ ಸೈತಾನನ ಮಗ, ‘ದ ರಿಪ್ಲೇಸ್‌ಮೆಂಟ್ಸ್’ನಲ್ಲಿ ಚೆಂಡು ಒದೆಯುವ ವೆಲ್ಷ್ ಆಟಗಾರ. ಎಲ್ಲದರಲ್ಲೂ ಕೆದರಿದ ಕೂದಲು, ಉದ್ದ ಕೈಕಾಲು, ತಮಾಷೆ. ನಿಮ್ಮ ಶಾಲೆ, ರಂಗಮಂದಿರ, ವಾಹಿನಿ ಆಗ ಉಪಯೋಗಕ್ಕೆ ಬಂದವೇ?

ರಂಗಸ್ಥಳ

ಬಂದವು, ಮಧ್ಯಂತರ ಅವರೇ. ಆ ಬಲೆಯಿಂದ ಬಿಡಿಸಿದ್ದೇ ರಂಗಭೂಮಿ ಮತ್ತು ಬ್ರಿಟಿಷ್ ಟಿವಿ. ದಿನಾಂಕಗಳನ್ನು ಜೋಡಿಸಿ ನೋಡಿ.

2003ರಲ್ಲಿ ಲಂಡನ್‌ನ ಡಾನ್ಮಾರ್ ರಂಗಮಂದಿರದಲ್ಲಿ ದಾರಿಯೋ ಫೋ ನಾಟಕ ‘ಆಕ್ಸಿಡೆಂಟಲ್ ಡೆತ್ ಆಫ್ ಆ್ಯನ್ ಅನಾರ್ಕಿಸ್ಟ್’. ಪೊಲೀಸ್ ಠಾಣೆಗೆ ಬಂದ ಹುಚ್ಚ ಬಗೆಬಗೆಯ ಅಧಿಕಾರಿಗಳ ವೇಷ ಹಾಕಿ ಪೊಲೀಸರ ಬಾಯಿಂದಲೇ ನಿಜ ಕಕ್ಕಿಸುತ್ತಾನೆ. ಸ್ಪೈಕ್‌ನ ಅದೇ ದೇಹ, ಆದರೆ ಈಗ ಬುದ್ಧಿಯ ಅಂಚು ಬಂದಿದೆ. 2004ರಲ್ಲಿ ಮೂರು ಕೆಲಸ. ‘ಎಂಡ್ಯೂರಿಂಗ್ ಲವ್’ನಲ್ಲಿ ಬೆನ್ನುಬಿಡದೆ ಕಾಡುವ ಜೆಡ್. ನಿರ್ದೇಶಕ ರಾಜರ್ ಮಿಷೆಲ್, ‘ನಾಟಿಂಗ್ ಹಿಲ್’ ನಿರ್ದೇಶಿಸಿದವರೇ. ಸ್ಪೈಕ್‌ನನ್ನು ಮಾಡಿದವರೇ ಸ್ಪೈಕ್‌ನನ್ನು ಮುರಿದರು. ಮೀರಾ ನಾಯರ್‌ರ ‘ವ್ಯಾನಿಟಿ ಫೇರ್’ನಲ್ಲಿ ಡಾಬಿನ್, ಮಾತು ಕಡಿಮೆ, ಕಾಯುವುದೇ ಪಾತ್ರ. ಮೂರನೆಯದು ಡಿಸೆಂಬರ್ 30ರಂದು ಚಾನೆಲ್ 4ರಲ್ಲಿ ಪ್ರಸಾರವಾದ ‘ನಾಟ್ ಓನ್ಲಿ ಬಟ್ ಆಲ್ವೇಸ್’. ಬ್ರಿಟಿಷ್ ಹಾಸ್ಯನಟ ಪೀಟರ್ ಕುಕ್ ಪಾತ್ರ. ಕುಕ್‌ನ ಮೂಗಿನ ದನಿಯನ್ನು ಅಣಕಿಸುವುದು ಬ್ರಿಟನ್‌ನಲ್ಲಿ ಯಾರಿಗೂ ಬರುತ್ತದೆ. ಈವಾನ್ಸ್ ಮಾಡಿದ್ದು ಬೇರೆ. ನಗಿಸುತ್ತಿರುವಾಗಲೇ ಆ ಮನುಷ್ಯನೊಳಗೆ ಏನೋ ಬತ್ತುತ್ತಿರುವುದನ್ನು ತೋರಿಸಿದರು. 2005ರ ಬಾಫ್ಟಾ ಟಿವಿ ಶ್ರೇಷ್ಠ ನಟ ಪ್ರಶಸ್ತಿ ಅದಕ್ಕೇ.

ಮುಂದೆ 2006ರಲ್ಲಿ ಡಾನ್ಮಾರ್‌ನಲ್ಲೇ ಪ್ಯಾಟ್ರಿಕ್ ಮಾರ್ಬರ್ ಬರೆದ ‘ಡಾನ್ ಹ್ವಾನ್ ಇನ್ ಸೋಹೋ’. 2013ರಲ್ಲಿ ನ್ಯಾಷನಲ್ ಥಿಯೇಟರ್‌ನಲ್ಲಿ ಟಿಮ್ ಪ್ರೈಸ್ ಬರೆದ ‘ಪ್ರೊಟೆಸ್ಟ್ ಸಾಂಗ್’, ಸೇಂಟ್ ಪಾಲ್ ಚರ್ಚಿನ ಮೆಟ್ಟಿಲ ಮೇಲೆ ಮಲಗುವ ನಿರಾಶ್ರಿತನ ಏಕವ್ಯಕ್ತಿ ನಾಟಕ. 2016ರಲ್ಲಿ ಓಲ್ಡ್ ವಿಕ್‌ನಲ್ಲಿ ‘ಕಿಂಗ್ ಲಿಯರ್’. 80ರ ವಯಸ್ಸಿನ ಗ್ಲೆಂಡಾ ಜ್ಯಾಕ್ಸನ್ 25 ವರ್ಷದ ಬಳಿಕ ರಂಗಕ್ಕೆ ಮರಳಿ ಲಿಯರ್ ಆದರು, ಈವಾನ್ಸ್ ವಿದೂಷಕ. 2017ರಲ್ಲಿ ಅಲ್ಲೇ ‘ಎ ಕ್ರಿಸ್ಮಸ್ ಕ್ಯಾರಲ್’ನ ಸ್ಕ್ರೂಜ್. 2018ರಲ್ಲಿ ನ್ಯಾಷನಲ್‌ನ ಒಲಿವಿಯೆ ವೇದಿಕೆಯಲ್ಲಿ ಅಯೊನೆಸ್ಕೊನ ‘ಎಕ್ಸಿಟ್ ದ ಕಿಂಗ್’, ನಾಟಕ ಮುಗಿಯುವ ಹೊತ್ತಿಗೆ ಸಾಯಲೇಬೇಕಾದ ರಾಜ.

ನನ್ನ ಮಟ್ಟಿಗೆ ಎಲ್ಲಕ್ಕಿಂತ ದೊಡ್ಡದು 2019ರ ‘ಆನ್ ಬೇರ್ ರಿಡ್ಜ್’. ಬರೆದವರು ಎಡ್ ಥಾಮಸ್, ಮೇಲೆ ಹೇಳಿದ ‘ಅ ಗ್ವಿಲ್’ ರೂಪಿಸಿದವರಲ್ಲಿ ಒಬ್ಬರು. ಕಾರ್ಡಿಫ್‌ನ ಶರ್ಮನ್‌ನಲ್ಲಿ ಶುರುವಾಗಿ ಲಂಡನ್‌ನ ರಾಯಲ್ ಕೋರ್ಟ್‌ಗೆ ಹೋಯಿತು. ಜನ ಖಾಲಿಯಾದ ಬೆಟ್ಟದ ಮೇಲೆ ಮುಚ್ಚಿಹೋಗುತ್ತಿರುವ ಒಂದು ಮಾಂಸದಂಗಡಿ, ಅಳಿದುಹೋಗುತ್ತಿರುವ ‘ಹಳೆಯ ಭಾಷೆ’ಯ ನೆನಪು. ನಾಟಕ ಇಂಗ್ಲಿಷ್‌ನಲ್ಲಿದೆ, ದುಃಖ ವೆಲ್ಷ್‌ನದು. ಆ ಪಾತ್ರಕ್ಕೆ ಬೇರೆ ತರಬೇತಿ ಬೇಕಿರಲಿಲ್ಲ.

ಮಧ್ಯಂತರ

ಒಪ್ಪಿದೆ. 2004ರ ಮೂರು ಕೆಲಸಗಳನ್ನು ಒಟ್ಟಿಗೆ ಇಟ್ಟು ನೋಡಿರಲಿಲ್ಲ. ಶೇಖರ್ ಕಪೂರ್‌ರ ‘ಎಲಿಝಬೆತ್: ದ ಗೋಲ್ಡನ್ ಏಜ್’ (2007) ಕೂಡ ಆಮೇಲಿನದೇ, ಅದರಲ್ಲಿ ರಾಣಿಯ ಕೊಲೆಗೆ ಸಂಚು ಹೂಡುವವ. ಹಾಸ್ಯದ ಸುಳಿವೇ ಇಲ್ಲ.

ಸಂಕಲನಮೇಜು

ಡಾಕ್ಟರ್ ಕಾನರ್ಸ್ ಬಗ್ಗೆ ಚಿಕ್ಕ ಟಿಪ್ಪಣಿ. 2012ರ ಸಿನಿಮಾದಲ್ಲಿ ಅವರಿಗೆ ಬಲಗೈ ಇಲ್ಲ. ಚಿತ್ರೀಕರಣದಲ್ಲಿ ಕೈಗೆ ಹಸಿರು ತೋಳುಚೀಲ ತೊಡಿಸಿ, ಆಮೇಲೆ ಕಂಪ್ಯೂಟರಿನಲ್ಲಿ ಅಳಿಸಿದರು. ಅಳಿಸುವುದು ಸುಲಭ, ಅಳಿಸಿದ ಜಾಗದಲ್ಲಿ ಹಿಂದಿನ ಗೋಡೆ, ಕೋಟಿನ ಮಡಿಕೆ ಕಾಣುವಂತೆ ತುಂಬುವುದು ಕಷ್ಟ. ನಟ ಇಲ್ಲದ ಖಾಲಿ ದೃಶ್ಯವನ್ನೂ ಒಂದು ಸಲ ಚಿತ್ರಿಸಿಟ್ಟುಕೊಳ್ಳದಿದ್ದರೆ ಪ್ರತಿ ಚೌಕಟ್ಟನ್ನೂ ಕೈಯಲ್ಲಿ ಬಿಡಿಸಬೇಕಾಗುತ್ತದೆ. ನಟನ ಕಡೆಯಿಂದಲೂ ಶಿಸ್ತು ಬೇಕು. ಇರುವ ಕೈ ತಾನಾಗಿ ಬಾಗಿಲ ಹಿಡಿಗೆ ಹೋಗಬಾರದು, ಭುಜ ಅದರ ಭಾರವನ್ನು ಮರೆತಿರಬೇಕು.

ಕಥೆಯಲ್ಲಿ ಕಾನರ್ಸ್ ದೈತ್ಯ ಹಲ್ಲಿಯಾಗಿ ಬದಲಾಗುತ್ತಾರೆ, ಆಮೇಲೂ ದನಿ ಈವಾನ್ಸ್‌ರದೇ. ಕಾಮಿಕ್‌ನಲ್ಲಿರುವ ಉದ್ದ ಮೂತಿ ಬಿಟ್ಟು ಮನುಷ್ಯನ ಮುಖಕ್ಕೆ ಹತ್ತಿರದ ಮುಖ ಕೊಟ್ಟರು, ಮಾತು ಮತ್ತು ಭಾವ ಉಳಿಯಲಿ ಎಂದು. ಅಭಿಮಾನಿಗಳಿಗೆ ಅದು ಹಿಡಿಸಲಿಲ್ಲ, ಆದರೆ ಉದ್ದ ಮೂತಿಯ ತುಟಿಗೆ ಮನುಷ್ಯನ ಉಚ್ಚಾರ ಹೊಂದಿಸುವುದು ಎಷ್ಟು ಕಷ್ಟವೆಂದು ಯೋಚಿಸಿದರೆ ಆಯ್ಕೆ ಅರ್ಥವಾಗುತ್ತದೆ. 2021ರ ‘ನೋ ವೇ ಹೋಮ್’ನಲ್ಲಿ ಹಲ್ಲಿಯ ದನಿ ಹೊಸದು, ಕೊನೆಯಲ್ಲಿ ಕಾಣುವ ಮನುಷ್ಯಮುಖ ಮಾತ್ರ ಹಳೆಯ ಸಿನಿಮಾದ ತುಣುಕಿನಿಂದ ತೆಗೆದದ್ದು.

ತುಂಗೆತೀರ

ಈಗ ಓಟೋ ಕಡೆಗೆ ಬರೋಣವೇ? ಅಷ್ಟು ಕಡಿಮೆ ಚಲನೆಯಲ್ಲಿ ಅಷ್ಟು ಭಯ ಹುಟ್ಟುವುದು ಹೇಗೆ?

ರಂಗಸ್ಥಳ

ದನಿಯಿಂದ. ತಂತಿಮೀಟು ಅವರು ‘ಉಚ್ಚಾರ ಮತ್ತು ಉಸಿರು’ ಎಂದರಲ್ಲ, ಅದೇ ಇಲ್ಲಿ ಕೆಲಸಕ್ಕೆ ಬಂದಿದೆ. ಮೊದಲ ಸೀಸನ್‌ನ (2022) ಮೊದಲ ಕಂತಿನಲ್ಲಿ, ರಾಣಿ ಸತ್ತ ಮೇಲೆ, ಅಮ್ಮನ ಉಡುಪು ಧರಿಸಿ ರಾಜನ ಬಳಿ ಹೋಗಿ ಸಮಾಧಾನ ಹೇಳು ಎಂದು ಮಗಳು ಅಲಿಸೆಂಟ್‌ಗೆ ಸೂಚಿಸುವ ದೃಶ್ಯ ನೋಡಿ. ದನಿ ಏರುವುದೇ ಇಲ್ಲ, ವಾಕ್ಯದ ಕೊನೆ ತುಸು ಇಳಿಯುತ್ತದೆ. ಆಜ್ಞೆಯನ್ನು ಅಕ್ಕರೆಯಂತೆ ಹೇಳುವ ಬಗೆ ಅದು. ನಾಲ್ಕನೆಯ ಕಂತಿನ ಕೊನೆಗೆ ಓಟೋನ ಪ್ರಧಾನಮಂತ್ರಿ ಪದವಿಯನ್ನು (‘ಹ್ಯಾಂಡ್ ಆಫ್ ದ ಕಿಂಗ್’) ರಾಜನೇ ಕಿತ್ತುಕೊಂಡಾಗಲೂ ಮುಖ ಅಲುಗುವುದಿಲ್ಲ.

ಹಾಗೆ ಕೂಡಿಟ್ಟದ್ದನ್ನೆಲ್ಲ ಅವರು ಒಂದೇ ದೃಶ್ಯದಲ್ಲಿ ಖರ್ಚು ಮಾಡುತ್ತಾರೆ. ಎರಡನೆಯ ಸೀಸನ್‌ನ (2024) ಎರಡನೆಯ ಕಂತು, ಇಲಿ ಹಿಡಿಯುವವರನ್ನೆಲ್ಲ ಗಲ್ಲಿಗೇರಿಸಿದ ಮೊಮ್ಮಗ ಏಗನ್‌ನನ್ನು ಓಟೋ ತರಾಟೆಗೆ ತೆಗೆದುಕೊಳ್ಳುವುದು. ಮೊದಲ ಬಾರಿ ದನಿ ಒಡೆಯುತ್ತದೆ, ಕೈಗಳು ಎದ್ದೇಳುತ್ತವೆ. ಪದವಿಯ ಮುದ್ರೆ ಕ್ರಿಸ್ಟನ್ ಕೋಲ್‌ಗೆ ಹೋಗುತ್ತದೆ. ಆಮೇಲೆ ಆ ಸೀಸನ್‌ನಲ್ಲಿ ಓಟೋ ಕಾಣುವುದು ಕೊನೆಯ ಕಂತಿನಲ್ಲಿ ಕ್ಷಣಮಾತ್ರ, ಪಂಜರದೊಳಗೆ. ಒಬ್ಬ ನಟ ಇಲ್ಲವಾದ ಮೇಲೆ ಅರಮನೆಯ ದೃಶ್ಯಗಳು ಎಷ್ಟು ಹಗುರಾದವು ಎಂಬುದನ್ನು ಗಮನಿಸಿದರೆ ಅವರ ತೂಕ ತಿಳಿಯುತ್ತದೆ.

ತಂತಿಮೀಟು

ನೋಡುವ ಕ್ರಮಕ್ಕೆ ನನ್ನ ಸಲಹೆ, ಬಿಡುಗಡೆಯ ವರ್ಷ ಹಿಡಿದು ಹೋಗಬೇಡಿ.

ಮೊದಲು ‘ಟ್ವಿನ್ ಟೌನ್’ (1997). ಕೆವಿನ್ ಆಲೆನ್ ನಿರ್ದೇಶನ, ಸ್ವಾನ್ಸಿ ಮತ್ತು ಪೋರ್ಟ್ ಟಾಲ್ಬಟ್‌ನಲ್ಲಿ ನಡೆಯುವ ಸೇಡಿನ ಕಥೆ. ರೀಸ್ ಮತ್ತು ಲೀರ್ ಇಬ್ಬರೂ ಅಣ್ಣತಮ್ಮಂದಿರಾಗಿಯೇ ನಟಿಸಿದ್ದಾರೆ. ಊರವರು ‘ಅವಳಿ’ ಎನ್ನುತ್ತಾರೆ, ಕಥೆಯಲ್ಲೂ ಅವಳಿಗಳಲ್ಲ, ನಿಜದಲ್ಲೂ ಅಲ್ಲ. ಬೈಗುಳ, ಹಿಂಸೆ, ಮಾದಕವಸ್ತು ಧಾರಾಳವಾಗಿರುವುದರಿಂದ ಮಕ್ಕಳೊಂದಿಗೆ ಕೂತು ನೋಡುವುದಲ್ಲ. ಉಪಶೀರ್ಷಿಕೆ ಹಾಕಿಕೊಳ್ಳಿ, ದಕ್ಷಿಣ ವೇಲ್ಸ್‌ನ ಇಂಗ್ಲಿಷ್ ಓಟದಂತಿರುತ್ತದೆ. ಉತ್ತರದ ಹುಡುಗರು ದಕ್ಷಿಣದ ಲಯ ಹಿಡಿದಿದ್ದಾರೆ ಎಂಬುದನ್ನು ನೆನಪಿಟ್ಟು ಕೇಳಿ. ಕೊನೆಯಲ್ಲಿ ಕಡಲಕಟ್ಟೆಯ ಮೇಲೆ ಗಂಡಸರ ವೃಂದಗಾನ ಇದೆ, ಅಲ್ಲಿಯವರೆಗೆ ಎದ್ದುಹೋಗಬೇಡಿ.

ಆಮೇಲೆ ‘ನಾಟಿಂಗ್ ಹಿಲ್’ ಮತ್ತು ‘ಎಂಡ್ಯೂರಿಂಗ್ ಲವ್’ ಬೆನ್ನುಬೆನ್ನಿಗೆ, ನಡುವೆ ಬೇರೇನೂ ನೋಡದೆ. ಹಾಗೆ ನೋಡಿದರೆ ಮಾತ್ರ ರಂಗಸ್ಥಳ ಅವರು ಹೇಳಿದ ಮುರಿಯುವಿಕೆ ಕಾಣುತ್ತದೆ. ಬಳಿಕ ‘ಫಝಿ ಲಾಜಿಕ್’ ಕೇಳಿ ‘ಮಿಸ್ಟರ್ ನೈಸ್’. ‘ಅಂಡರ್ ಮಿಲ್ಕ್ ವುಡ್’ ಇಂಗ್ಲಿಷ್ ರೂಪ ಮೊದಲು, ವೆಲ್ಷ್ ರೂಪ ಎರಡನೆಯದು. ತಿರುಗಿಸಿದರೆ ಉಪಶೀರ್ಷಿಕೆ ಓದುವುದರಲ್ಲೇ ಅವರ ಮುಖ ತಪ್ಪಿಹೋಗುತ್ತದೆ.

ಕೊನೆಗೆ ‘ನಯಾಡ್’ (2023). ಡಯಾನಾ ನಯಾಡ್ 64ನೆಯ ವಯಸ್ಸಿನಲ್ಲಿ, 2013ರಲ್ಲಿ, ಹವಾನಾದಿಂದ ಕೀ ವೆಸ್ಟ್‌ಗೆ ಸುಮಾರು 177 ಕಿ.ಮೀ. ಈಜಿದ್ದು ಐದನೆಯ ಪ್ರಯತ್ನದಲ್ಲಿ, ಸುಮಾರು 53 ಗಂಟೆಗಳಲ್ಲಿ. ಈವಾನ್ಸ್ ಅದರಲ್ಲಿ ದಾರಿ ಹಾಕುವ ಜಾನ್ ಬಾರ್ಟ್ಲೆಟ್. ಗಲ್ಫ್ ಸ್ಟ್ರೀಮ್ ಪ್ರವಾಹ ಈಜುಗಾರ್ತಿಯನ್ನು ಪೂರ್ವಕ್ಕೆ ತಳ್ಳುತ್ತಲೇ ಇರುತ್ತದೆ, ಆದ್ದರಿಂದ ಗುರಿಯತ್ತ ನೇರ ಹೋದರೆ ಗುರಿ ತಪ್ಪುತ್ತದೆ. ಪ್ರವಾಹ ಎಲ್ಲಿ ಸಡಿಲ, ಎಲ್ಲಿ ಸುಳಿ ಎಂದು ಲೆಕ್ಕ ಹಾಕುವುದು ಇವನ ಕೆಲಸ. ಆನೆಟ್ ಬೆನಿಂಗ್, ಜೋಡಿ ಫಾಸ್ಟರ್ ಇಬ್ಬರಿಗೂ ಆಸ್ಕರ್ ನಾಮನಿರ್ದೇಶನ ಬಂತು, ಎಲ್ಲರ ಕಣ್ಣು ಅವರ ಮೇಲೆಯೇ. ದೋಣಿಯ ಮೂಲೆಯಲ್ಲಿ ನಕ್ಷೆ ಹಿಡಿದು ಕೂತ ಈವಾನ್ಸ್‌ರನ್ನು ನೋಡಿ. ಹಾಸ್ಯವೂ ಇಲ್ಲ, ಖಳತನವೂ ಇಲ್ಲ, ಕೆಲಸ ಬಲ್ಲ ಮನುಷ್ಯನ ಮುಖ.

ತುಂಗೆತೀರ

‘ಟ್ವಿನ್ ಟೌನ್’ನಿಂದಲೇ ಶುರು. ಈ ಚರ್ಚೆಯ ಶೀರ್ಷಿಕೆಯಲ್ಲಿ ‘ಇಫಾನ್ಸ್’ ಎಂದು ಬರೆದಿದ್ದನ್ನು ‘ಈವಾನ್ಸ್’ ಎಂದು ತಿದ್ದಿದ್ದೇನೆ. ತಂತಿಮೀಟು ಅವರೇ, ಕೊನೆಯ ವೃಂದಗಾನದ ಹಾಡು ಯಾವುದು?

ತಂತಿಮೀಟು

‘ಮವಾನ್ವಿ’. 19ನೆಯ ಶತಮಾನದ ವೆಲ್ಷ್ ಹಾಡು, ಜೋಸೆಫ್ ಪ್ಯಾರಿಯ ಸ್ವರಸಂಯೋಜನೆ. ಇದರಲ್ಲೂ ಒಂಟಿ ‘ಎಫ್’ ಇದೆ, ‘ವ’ ಎಂದೇ ಓದಿ.